ಹಿರಿಯರನ್ನು ಬಿಟ್ಟುಕೊಟ್ಟು ತಂಡ ಕಟ್ಟುವ ಲೆಕ್ಕಾಚಾರ: ಈಸ್ಟ್‌ಸೈಡ್ ಹಾಕಿ ಮ್ಯಾನೇಜರ್ ಗೇಮ್ ವಿಮರ್ಶೆ

ಸೋಲುತ್ತಿರುವ ಹಾಕಿ ತಂಡವೊಂದು ತನ್ನ ಹಿರಿಯ ಆಟಗಾರರನ್ನು ಬೇರೆ ತಂಡಗಳಿಗೆ ಬಿಟ್ಟುಕೊಟ್ಟು, ಎಳೆಯರನ್ನು ಕೂಡಿಸಿಕೊಂಡು ತಳಪಾಯದಿಂದ ಮತ್ತೆ ಕಟ್ಟಬೇಕೇ, ಇಲ್ಲವೇ ಇದ್ದವರನ್ನೇ ನೆಚ್ಚಿಕೊಂಡು ಇನ್ನೊಂದು ವರ್ಷ ನೋಡಬೇಕೇ? ಈ ಒಂದು ಪ್ರಶ್ನೆಗಾಗಿಯೇ ಆಡಬೇಕಾದ ಕಂಪ್ಯೂಟರ್ ಗೇಮ್ ಈಸ್ಟ್‌ಸೈಡ್ ಹಾಕಿ ಮ್ಯಾನೇಜರ್. ಫುಟ್‌ಬಾಲ್ ಮ್ಯಾನೇಜರ್ ಸರಣಿಯನ್ನು ತಯಾರಿಸುವ ಲಂಡನ್ನಿನ ಸ್ಪೋರ್ಟ್ಸ್ ಇಂಟರಾಕ್ಟಿವ್ ಸಂಸ್ಥೆ ಇದನ್ನು ಸಿದ್ಧಪಡಿಸಿದ್ದು, ಸೆಗಾ ಸಂಸ್ಥೆ 2015ರಲ್ಲಿ ಹೊರತಂದಿತು. ಇದರ ಬೇರು ಇರುವುದು ಫಿನ್ಲೆಂಡಿನಲ್ಲಿ. ರಿಸ್ಟೊ ರೆಮೆಸ್ ಎಂಬುವರು ಅದಕ್ಕೂ ಬಹಳ ಹಿಂದೆ ಉಚಿತವಾಗಿ ಹಂಚಿದ್ದ ಗೇಮೊಂದು ಬೆಳೆದು ಈ ರೂಪಕ್ಕೆ ಬಂದಿದೆ. ಇಲ್ಲಿ ನಾವು ಸ್ಟಿಕ್ ಹಿಡಿದು ಗೋಲು ಹೊಡೆಯುವುದಿಲ್ಲ. ಐಸ್ ಹಾಕಿ ತಂಡವೊಂದರ ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತು, ಯಾರ ಕರಾರನ್ನು ಮುಂದುವರಿಸಬೇಕು, ಯಾರನ್ನು ಕಳುಹಿಸಿಕೊಡಬೇಕು, ಹದಿನೆಂಟರ ಹುಡುಗರಲ್ಲಿ ಯಾರ ಮೇಲೆ ನಂಬಿಕೆ ಇಡಬೇಕು ಎಂದು ತೀರ್ಮಾನಿಸುತ್ತೇವೆ. ಅದರ ಫಲವನ್ನು ವರ್ಷಗಟ್ಟಲೆ ನಾವೇ ಉಣ್ಣುತ್ತೇವೆ.

ಮೈಸೂರಿನವರಿಗೆ ಐಸ್ ಹಾಕಿಯ ನಂಟು ಎಲ್ಲಿಯದು ಎಂದು ಕೇಳುವವರು ಇರಬಹುದು. ಮಂಜಿನ ಮೇಲಿನ ಆಟ ನಮ್ಮದಲ್ಲ, ನಿಜ. ಆದರೆ ಹಾಕಿಯ ಮಾತು ನಮ್ಮ ಊರಿಗೆ ಹೊಸದಲ್ಲ. ಕೊಡಗಿನಿಂದ ಬಂದು ಇಲ್ಲಿ ನೆಲೆಸಿದ ಮನೆಗಳು ಬೇಕಾದಷ್ಟಿವೆ; ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಆರಂಭಿಸಿದ ಕೊಡವ ಕುಟುಂಬ ಹಾಕಿ ಉತ್ಸವದ ದಿನಗಳಲ್ಲಿ ಆ ಮನೆಗಳವರು ತಮ್ಮ ಮನೆತನದ ತಂಡಕ್ಕಾಗಿ ಇಲ್ಲಿಂದ ಹೊರಟು ಹೋಗುತ್ತಾರೆ. ಭಾರತ ತಂಡ ಒಂದು ಟೂರ್ನಿಯಲ್ಲಿ ಸೋತು ಬಂದರೆ ಸಾಕು, ವಯಸ್ಸಾದವರನ್ನೆಲ್ಲ ಕೈಬಿಡಬೇಕು ಎಂಬ ಮಾತು ನಮ್ಮ ಕಾಫಿ ಹೋಟೆಲುಗಳ ಮೇಜುಗಳಿಗೂ ಬರುತ್ತದೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ 260ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದ್ದರೂ ಟೋಕಿಯೊ ಒಲಿಂಪಿಕ್ಸ್ ತಂಡದಲ್ಲಿ ಸ್ಥಾನ ಪಡೆಯಲಿಲ್ಲ. 2021ರಲ್ಲಿ ನಿವೃತ್ತಿ ಘೋಷಿಸಿದರು. ಅದೇ ತಂಡದಲ್ಲಿ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಅವರನ್ನು ಉಳಿಸಿಕೊಳ್ಳಲಾಯಿತು. ಟೋಕಿಯೊದಲ್ಲಿ 41 ವರ್ಷಗಳ ಬಳಿಕ ಪದಕ ಬಂದಿತು, 2024ರ ಪ್ಯಾರಿಸ್‌ನಲ್ಲಿ 36ರ ವಯಸ್ಸಿನಲ್ಲಿ ಅವರು ಇನ್ನೊಂದು ಕಂಚನ್ನು ಗೆದ್ದುಕೊಟ್ಟು ವಿದಾಯ ಹೇಳಿದರು. ಹಿರಿಯರನ್ನು ಒಂದೇ ಗುಂಪಾಗಿ ಕಂಡು ತೀರ್ಪು ಕೊಡುವುದು ಎಷ್ಟು ತಪ್ಪು ಎಂಬುದಕ್ಕೆ ನಮ್ಮ ಕಣ್ಣೆದುರೇ ಇರುವ ಉದಾಹರಣೆ ಇದು.

ಆದರೆ ರಾಷ್ಟ್ರೀಯ ತಂಡದಲ್ಲಿ ಕೈಬಿಟ್ಟ ಹಿರಿಯನಿಗೆ ಬದಲಾಗಿ ಏನೂ ಬರುವುದಿಲ್ಲ. ಅಮೆರಿಕ ಮತ್ತು ಕೆನಡಾಗಳ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಬರುತ್ತದೆ, ಗೇಮಿನ ಸ್ವಾರಸ್ಯವೆಲ್ಲ ಇರುವುದು ಇಲ್ಲಿಯೇ. ಅಲ್ಲಿ ತಂಡಗಳು ಆಟಗಾರನಿಗೆ ಪ್ರತಿಯಾಗಿ ಬೇರೆ ಆಟಗಾರನನ್ನೋ, ವರ್ಷಕ್ಕೊಮ್ಮೆ ನಡೆಯುವ ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಹೊಸಬರನ್ನು ಆರಿಸಿಕೊಳ್ಳುವ ಸರದಿಯನ್ನೋ ಪಡೆಯುತ್ತವೆ. ಸಂಬಳದ ಒಟ್ಟು ಮೊತ್ತಕ್ಕೆ ಮಿತಿಯಿದೆ. ಗೇಮ್ ಆರಂಭವಾಗುವ 2015-16ರ ಸೀಸನ್‌ನಲ್ಲಿ ಅದು 7.14 ಕೋಟಿ ಡಾಲರ್. ಈ ಮಿತಿಯೊಳಗೆ 23 ಮಂದಿಯ ತಂಡವನ್ನು ಹೊಂದಿಸಬೇಕು. ಡ್ರಾಫ್ಟ್‌ನಲ್ಲಿ ಬಂದ ಹುಡುಗನ ಮೊದಲ ಕರಾರಿಗೆ ಸಂಬಳದ ಗರಿಷ್ಠ ಮಿತಿ ಇರುವುದರಿಂದ ಅವನು ಅಗ್ಗಕ್ಕೆ ಸಿಗುತ್ತಾನೆ. ಹೆಸರು ಮಾಡಿದ ಹಿರಿಯನ ಕರಾರಾದರೋ ಅವನ ಕಾಲು ಸೋತ ಮೇಲೂ ಖಾತೆಯಲ್ಲಿ ಉಳಿದಿರುತ್ತದೆ. ಸೋತ ತಂಡಗಳು ಹಿರಿಯರನ್ನು ಮಾರುವುದಕ್ಕೆ ಕಾರಣ ಕೋಪವಲ್ಲ, ಈ ಲೆಕ್ಕ.

ಈ ಲೆಕ್ಕವನ್ನು ಗೇಮ್ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಪಟ್ಟಿಯ ತಳದಲ್ಲಿರುವ ತಂಡವೊಂದನ್ನು ವಹಿಸಿಕೊಂಡಿದ್ದೀರಿ ಎಂದುಕೊಳ್ಳಿ. 33 ವರ್ಷದ ಡಿಫೆಂಡರ್ ಒಬ್ಬನ ಕರಾರು ಆ ಬೇಸಿಗೆಗೇ ಮುಗಿಯುತ್ತದೆ. ಅವನ ಪುಟವನ್ನು ತೆರೆದರೆ ಆಟದ ಒಂದೊಂದು ಗುಣಕ್ಕೂ 20ರೊಳಗಿನ ಅಂಕಗಳು ಸಾಲಾಗಿ ಕಾಣುತ್ತವೆ. ವೇಗದ ಅಂಕ ಇಳಿಯುತ್ತಾ ಬಂದಿರುತ್ತದೆ, ಸರಿಯಾದ ಜಾಗದಲ್ಲಿ ನಿಲ್ಲುವುದರ ಮತ್ತು ನಿರ್ಧಾರದ ಅಂಕಗಳು ಮಾತ್ರ ಇನ್ನೂ ಮೇಲೆಯೇ ಇರುತ್ತವೆ. ಡಿಸೆಂಬರ್‌ನಲ್ಲಿ ಅವನನ್ನು ಕೇಳುವವರಿಲ್ಲ. ಜನವರಿಯಲ್ಲಿ ಯಾರೋ ಮೂರನೆಯ ಸುತ್ತಿನ ಸರದಿಯೊಂದನ್ನು ಕೊಡುತ್ತೇವೆ ಎನ್ನುತ್ತಾರೆ. ಫೆಬ್ರವರಿಯ ಕೊನೆಗೆ ವಿನಿಮಯದ ಗಡುವು ಹತ್ತಿರವಾಗುತ್ತಿದ್ದಂತೆ, ಕಪ್ ಗೆಲ್ಲುವ ಆಸೆಯಿರುವ ತಂಡವೊಂದರ ಡಿಫೆಂಡರ್ ಗಾಯಗೊಂಡರೆ, ಅದೇ ಮನುಷ್ಯನಿಗೆ ಎರಡನೆಯ ಸುತ್ತಿನ ಸರದಿಯ ಜೊತೆಗೆ 20 ವರ್ಷದ ಫಾರ್ವರ್ಡ್ ಒಬ್ಬನೂ ಸಿಗಬಹುದು. ಗಡುವು ದಾಟಿದ ಮರುದಿನ ಅವನ ಬೆಲೆ ಸೊನ್ನೆ. ಆಟಗಾರ ಒಂದೇ, ಅಂಕಗಳು ಒಂದೇ; ಬದಲಾದದ್ದು ಕೊಳ್ಳುವವನ ಅವಸರ. ಹಿರಿಯರನ್ನು ಬಿಟ್ಟುಕೊಡಬೇಕೇ ಎಂಬ ಪ್ರಶ್ನೆ ಬಹುಪಾಲು ಯಾವಾಗ ಎಂಬ ಪ್ರಶ್ನೆಯೇ ಎನ್ನುವುದನ್ನು ಹತ್ತು ಲೇಖನಗಳಿಗಿಂತ ಈ ಒಂದು ಪರದೆ ಚೆನ್ನಾಗಿ ತಿಳಿಸುತ್ತದೆ.

ಇದರ ಇನ್ನೊಂದು ದೊಡ್ಡ ಗುಣವೆಂದರೆ, ಎಲ್ಲರನ್ನೂ ಮಾರಿ ತಳಕ್ಕೆ ಬಿದ್ದು ಎದ್ದೇಳುವ ಉಪಾಯಕ್ಕೆ ಇದು ಸುಲಭದ ಬಹುಮಾನ ಕೊಡುವುದಿಲ್ಲ. ನಿಜವಾದ ಲೀಗ್ ಕೂಡ ಕೊಟ್ಟಿಲ್ಲ. ಬಫಲೊ ತಂಡದ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಗೇಮ್ ಕೊಂಡ ಹೆಚ್ಚಿನವರು ಮೊದಲು ಹಿಡಿಯಬಯಸುವುದು ಇಂಥ ತಂಡವನ್ನೇ. 2013ರ ಏಪ್ರಿಲ್‌ನಿಂದ 2014ರ ಫೆಬ್ರವರಿಯೊಳಗೆ ಬಫಲೊ ತನ್ನ ನಾಯಕ ಜೇಸನ್ ಪಾಮಿನ್‌ವಿಲ್, ಗೋಲು ಗಳಿಕೆಯಲ್ಲಿ ಎತ್ತಿದ ಕೈಯಾದ ಥಾಮಸ್ ವಾನೆಕ್, ಗೋಲ್‌ಕೀಪರ್ ರಯನ್ ಮಿಲ್ಲರ್ ಮೂವರನ್ನೂ ಬೇರೆ ತಂಡಗಳಿಗೆ ಕಳುಹಿಸಿತು. 2013-14 ಮತ್ತು 2014-15ರಲ್ಲಿ ಸತತ ಎರಡು ಸೀಸನ್ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನಕ್ಕೆ ಇಳಿಯಿತು. ಕೊನೆಯ ಸ್ಥಾನದವರಿಗೆ ಡ್ರಾಫ್ಟ್‌ನ ಮೊದಲ ಸರದಿ ತಾನಾಗಿ ಸಿಗುವುದಿಲ್ಲ, ಚೀಟಿ ಎತ್ತುತ್ತಾರೆ. 2014ರಲ್ಲಿ ಅದೃಷ್ಟ ಫ್ಲೋರಿಡಾ ಪಾಲಾಯಿತು. 2015ರಲ್ಲಿ ಬಫಲೊಗೆ ಇದ್ದ ಸಾಧ್ಯತೆ ಶೇ. 20, ಎಡ್ಮಂಟನ್‌ಗೆ ಶೇ. 11.5, ಗೆದ್ದದ್ದು ಎಡ್ಮಂಟನ್. ಆ ತಲೆಮಾರಿನ ಅತ್ಯುತ್ತಮ ಆಟಗಾರ ಕಾನರ್ ಮೆಕ್‌ಡೇವಿಡ್ ಹೀಗೆ ಕೈತಪ್ಪಿ ಹೋದ.

ಬಫಲೊಗೆ ಬಂದವರೇನೂ ಸಾಮಾನ್ಯರಲ್ಲ. 2014ರಲ್ಲಿ ಸ್ಯಾಮ್ ರೈನ್‌ಹಾರ್ಟ್ ಬಂದ, 2015ರಲ್ಲಿ ಜಾಕ್ ಐಕಲ್ ಬಂದ, ವಿನಿಮಯದ ಮೂಲಕ ರಯನ್ ಓರೈಲಿ ಬಂದ. ಇಷ್ಟಾದರೂ ತಂಡ ಮೇಲೇಳಲಿಲ್ಲ. 2011ರಲ್ಲಿ ಪ್ಲೇಆಫ್ ಆಡಿದ ತಂಡ ಆಮೇಲೆ 2025ರವರೆಗೆ ಸತತ 14 ಸೀಸನ್ ಅದರ ಬಾಗಿಲನ್ನೂ ಕಾಣಲಿಲ್ಲ. ಕಡೆಗೆ ಈ ಮೂವರೂ ಬೇರೆಡೆಗೆ ಹೋದರು. ಓರೈಲಿ ಸೇಂಟ್ ಲೂಯಿಸ್ ಸೇರಿ 2019ರಲ್ಲಿ ಲೀಗ್‌ನ ಚಾಂಪಿಯನ್ನರಿಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಗೆದ್ದು ಪ್ಲೇಆಫ್‌ನ ಅತ್ಯುತ್ತಮ ಆಟಗಾರನೆನಿಸಿದ, ಐಕಲ್ ವೇಗಸ್ ತಂಡದೊಂದಿಗೆ 2023ರಲ್ಲಿ ಗೆದ್ದ, ರೈನ್‌ಹಾರ್ಟ್ ಫ್ಲೋರಿಡಾ ಪರ 2024ರಲ್ಲಿ ಮತ್ತು 2025ರಲ್ಲಿ ಗೆದ್ದ. ಬಫಲೊದ ಆಯ್ಕೆ ಕೆಟ್ಟದ್ದಾಗಿರಲಿಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ. ಹುಡುಗರು ಬಂದರು, ಅವರನ್ನು ಗೆಲುವಿನ ಅಭ್ಯಾಸಕ್ಕೆ ತರಬಲ್ಲವರು ಸಾಕಷ್ಟು ಮಂದಿ ಆ ಡ್ರೆಸಿಂಗ್ ರೂಮಿನಲ್ಲಿ ಉಳಿದಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಂಡ್ಯದ ಕಬ್ಬಿನ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತನಿ ಬೆಳೆ ಕಡಿದ ಮೇಲೆ ಕೂಳೆ ಬಿಡುತ್ತಾರೆ. ಇಳುವರಿ ಇಳಿದ ತಾಕನ್ನು ಅಗೆದು ಹೊಸದಾಗಿ ಬಿತ್ತನೆ ಕಬ್ಬು ನೆಡುತ್ತಾರೆ. ಆದರೆ ಒಂದು ವರ್ಷ ಇಳುವರಿ ಕಡಿಮೆಯಾಯಿತೆಂದು ಇದ್ದಬದ್ದ ಗದ್ದೆಯನ್ನೆಲ್ಲ ಒಂದೇ ಸಲ ಅಗೆದು ಹಾಕುವ ರೈತನಿಲ್ಲ. ಯಾವ ತಾಕಿನ ಬೇರು ಇನ್ನೂ ಗಟ್ಟಿಯಾಗಿದೆ, ಯಾವುದರಲ್ಲಿ ಸಂದು ಬಿದ್ದಿದೆ ಎಂದು ನೋಡಿಯೇ ಕೈಹಾಕುತ್ತಾನೆ.

ಹಾಗೆ ನೋಡಿ ಕೈಹಾಕಿದ ತಂಡಗಳೂ ಇವೆ. ವಾಷಿಂಗ್ಟನ್ 2023ರಲ್ಲಿ ಪ್ಲೇಆಫ್ ಕೈತಪ್ಪಿದ ಸೀಸನ್‌ನ ಗಡುವಿಗೆ ಮುಂಚೆ ಡಿಮಿಟ್ರಿ ಓರ್ಲೊವ್ ಮೊದಲಾದವರನ್ನು ಬಿಟ್ಟುಕೊಟ್ಟಿತು, ಆದರೆ ಹಿರಿಯ ತಾರೆ ಅಲೆಕ್ಸಾಂಡರ್ ಒವೆಚ್ಕಿನ್ ಅವರನ್ನು ಇಟ್ಟುಕೊಂಡು ಸುತ್ತಲೂ ತಂಡವನ್ನು ಬದಲಾಯಿಸಿತು. ಎರಡೇ ವರ್ಷದಲ್ಲಿ ಪೂರ್ವ ವಿಭಾಗದ ಅಗ್ರಸ್ಥಾನಕ್ಕೆ ಏರಿತು, ಅದೇ 2025ರ ಏಪ್ರಿಲ್‌ನಲ್ಲಿ ಒವೆಚ್ಕಿನ್ 895ನೆಯ ಗೋಲಿನೊಂದಿಗೆ ವೇಯ್ನ್ ಗ್ರೆಟ್ಸ್‌ಕಿ ಅವರ ಅತಿ ಹೆಚ್ಚು ಗೋಲುಗಳ ದಾಖಲೆಯನ್ನು ದಾಟಿದರು. ಲಾಸ್ ಏಂಜಲೀಸ್ ತಂಡ ಜೇಕ್ ಮಜಿನ್ ಅವರನ್ನೂ ಟೈಲರ್ ಟಫೋಲಿ ಅವರನ್ನೂ ಕಳುಹಿಸಿ, ಹಿರಿಯರಾದ ಆಂಜೆ ಕೊಪಿಟಾರ್ ಮತ್ತು ಡ್ರೂ ಡೌಟಿ ಇಬ್ಬರನ್ನು ಉಳಿಸಿಕೊಂಡಿತು. 2022ರಲ್ಲಿ ಪ್ಲೇಆಫ್‌ಗೆ ಮರಳಿತು. ಸೇಂಟ್ ಲೂಯಿಸ್ ಅಂತೂ 2019ರ ಜನವರಿಯ ಆರಂಭದಲ್ಲಿ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನದಲ್ಲಿದ್ದೂ ತಾಳ್ಮೆ ಕೆಡದೆ, ಮುಖ್ಯರನ್ನು ಮಾರದೆ, ಅದೇ ಜೂನ್‌ನಲ್ಲಿ ಕಪ್ ಎತ್ತಿತು. ಅದನ್ನೇ ಎಲ್ಲರಿಗೂ ಮಾದರಿ ಎನ್ನಲಾಗದು. ಅಷ್ಟು ಹೊತ್ತಿಗೆ ಅಲ್ಲಿ ಕೋಚ್ ಬದಲಾಗಿದ್ದರು, ಜಾರ್ಡನ್ ಬಿನಿಂಗ್‌ಟನ್ ಎಂಬ ಹೊಸ ಗೋಲ್‌ಕೀಪರ್ ಉದಯಿಸಿದ್ದ. ಆದರೂ ಜನವರಿಯ ಅಂಕಪಟ್ಟಿಯನ್ನು ಕಂಡು ತಂಡವನ್ನು ಹರಾಜಿಗೆ ಇಡುವವರು ಒಮ್ಮೆ ಹಿಂದುಮುಂದು ನೋಡುವಂತೆ ಮಾಡುವ ನಿದರ್ಶನವಿದು.

ಗೇಮಿನಲ್ಲಿ ನಾನು ಅನುಸರಿಸುವ ಕ್ರಮವೂ ಇದರಿಂದಲೇ ರೂಪುಗೊಂಡಿದೆ. ಹುಡುಗರು ಹದಕ್ಕೆ ಬರುವ ಮೂರು ನಾಲ್ಕು ವರ್ಷಗಳ ಹೊತ್ತಿಗೆ ಯಾರ ಆಟ ಖಂಡಿತ ಮುಗಿದಿರುತ್ತದೆಯೋ, ಯಾರ ಕರಾರು ಅಷ್ಟರೊಳಗೆ ತೀರುತ್ತದೆಯೋ ಅಂಥವರನ್ನು ಗಡುವಿಗೆ ಮುಂಚೆ ಒಳ್ಳೆಯ ಬೆಲೆಗೆ ಬಿಟ್ಟುಕೊಡುತ್ತೇನೆ. ನಾಯಕತ್ವದ ಅಂಕ ಎತ್ತರದಲ್ಲಿರುವ ಒಬ್ಬ ಸೆಂಟರ್ (ಮಧ್ಯದಲ್ಲಿ ಆಡುವ ಫಾರ್ವರ್ಡ್), ಒಬ್ಬ ಡಿಫೆಂಡರ್, ಸಾಧ್ಯವಾದರೆ ಅನುಭವಿ ಗೋಲ್‌ಕೀಪರ್ ಒಬ್ಬ, ಇವರನ್ನು ಯಾವ ಬೆಲೆಗೂ ಕೊಡುವುದಿಲ್ಲ. ಗೋಲ್‌ಕೀಪರ್ ಇಲ್ಲದ ತಂಡದಲ್ಲಿ ಹತ್ತೊಂಬತ್ತರ ಡಿಫೆಂಡರ್ ಏನು ಮಾಡಿದರೂ ಸೋಲೇ ಬರುತ್ತದೆ, ಆ ಸೋಲು ಅವನ ಮನೋಬಲವನ್ನೇ ತಿನ್ನುತ್ತದೆ.

ಮಿತಿಗಳಿಲ್ಲವೆಂದಲ್ಲ. ಇದು ಬಹುಮಟ್ಟಿಗೆ ಪಟ್ಟಿ, ಅಂಕಿ ಮತ್ತು ಓದುವ ಪುಟಗಳ ಗೇಮ್. ಕಣ್ಣು ಕೋರೈಸುವ ಚಿತ್ರಗಳನ್ನು ನಿರೀಕ್ಷಿಸುವವರಿಗೆ ಹೇಳಿಮಾಡಿಸಿದ್ದಲ್ಲ. 2015ರದ್ದಾದ್ದರಿಂದ ಮೂಲ ಪಟ್ಟಿಯಲ್ಲಿ 30 ತಂಡಗಳೇ ಇವೆ; 2017ರಲ್ಲಿ ಬಂದ ವೇಗಸ್ ಮತ್ತು 2021ರಲ್ಲಿ ಬಂದ ಸಿಯಾಟಲ್ ಬೇಕೆಂದರೆ ಅಭಿಮಾನಿಗಳು ಶ್ರಮವಹಿಸಿ ಸಿದ್ಧಪಡಿಸಿದ ಹೊಸ ಪಟ್ಟಿಗಳನ್ನು ಹಾಕಿಕೊಳ್ಳಬೇಕು. ಇವು ಸಣ್ಣ ಮಾತುಗಳು. ನನಗೆ ಮುಖ್ಯವಾಗಿ ಕಾಣುವ ಕೊರತೆ ಬೇರೆ. ಹಿರಿಯನೊಬ್ಬನ ಪಕ್ಕದಲ್ಲಿ ಕುಳಿತ ಹುಡುಗ ಅವನನ್ನು ನೋಡಿ ಕಲಿಯುವುದು ಅಂಕಗಳಲ್ಲಿ ಮಸುಕಾಗಿ ಮಾತ್ರ ಮೂಡುತ್ತದೆ. ಊರಿನ ಪ್ರೇಕ್ಷಕರಿಗೆ ಆಗುವ ನೋವೂ ಹಾಗೆಯೇ. 2018ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರೇಂಜರ್ಸ್ ಆಡಳಿತ ತನ್ನ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದು, ಪರಿಚಿತ ಮುಖಗಳು ಹೋಗಬಹುದು ಎಂದು ಮುಂಚಿತವಾಗಿಯೇ ತಿಳಿಸಿತು. 2022ರಲ್ಲಿ ಆ ತಂಡ ಪೂರ್ವ ವಿಭಾಗದ ಫೈನಲ್ ತಲುಪಿತು. ಅಂಥ ಪತ್ರ ಬರೆಯಬೇಕಾದ ಭಾರವನ್ನು ಗೇಮ್ ನಮ್ಮ ಹೆಗಲ ಮೇಲೆ ಹೊರಿಸುವುದಿಲ್ಲ. ಹತ್ತು ವರ್ಷ ದುಡಿದವನನ್ನು ಒಂದು ಗುಂಡಿ ಒತ್ತಿ ಕಳುಹಿಸಿಬಿಡಬಹುದು. ನಿಜದಲ್ಲಿ ಅದು ಅಷ್ಟು ಹಗುರವಲ್ಲ, ಹಗುರವಾಗಬಾರದು ಕೂಡ.

ಕೊಳ್ಳುವವರಿಗೆ ಒಂದೆರಡು ಉಪಯುಕ್ತ ಮಾತು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಯ ಮೂಲಕ ಬರುವ ಈ ಗೇಮ್ ವಿಂಡೋಸ್ ಕಂಪ್ಯೂಟರಿಗೆ ಮಾತ್ರ. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಸಾಕು, ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಐಸ್ ಹಾಕಿಯ ನಿಯಮ ತಿಳಿಯದವರು ಮೊದಲು ನಾಲ್ಕಾರು ಪಂದ್ಯಗಳನ್ನು ನೋಡಿಕೊಂಡು ಬರುವುದು ಒಳ್ಳೆಯದು: ಆರು ಮಂದಿ ಕಣಕ್ಕಿಳಿಯುತ್ತಾರೆ, 20 ನಿಮಿಷಗಳ ಮೂರು ಅವಧಿಗಳಿರುತ್ತವೆ, ಆಟಗಾರರು ನಿಮಿಷಕ್ಕೊಮ್ಮೆ ಎಂಬಂತೆ ಬದಲಾಗುತ್ತಿರುತ್ತಾರೆ. ಮೊದಲ ಸಲಕ್ಕೆ ತೀರ ತಳದ ತಂಡವನ್ನು ಹಿಡಿಯದೆ, ಪ್ಲೇಆಫ್‌ನ ಅಂಚಿನಲ್ಲಿ ತಡಕಾಡುತ್ತಿರುವ, 30 ದಾಟಿದವರು ಏಳೆಂಟು ಮಂದಿಯಿರುವ ತಂಡವೊಂದನ್ನು ಆರಿಸಿಕೊಳ್ಳಿ. ಜನವರಿಯವರೆಗೆ ಯಾರನ್ನೂ ಮಾರಬೇಡಿ. ಆ ಹೊತ್ತಿಗೆ ಪ್ರತಿಯೊಬ್ಬನ ಕರಾರು ಮುಗಿಯುವ ವರ್ಷವನ್ನೂ ವಯಸ್ಸನ್ನೂ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದರೆ, ಬಿಟ್ಟುಕೊಡಬೇಕಾದವರ ಹೆಸರುಗಳು ಅದರಲ್ಲೇ ಎದ್ದು ಕಾಣುತ್ತವೆ.