ಬಂಡೆಯ ಆಯ್ಸ್ಟರ್, ಹಗ್ಗದ ಆಯ್ಸ್ಟರ್: ಎರಡನ್ನೂ ತೆಗೆದು ನೋಡಿದ ಮೇಲೆ

ಬೆಂಗಳೂರಿನಲ್ಲಿ ಆಯ್ಸ್ಟರ್ (ತಿನ್ನುವ ಸಿಂಪಿ) ಕೊಂಡರೆ ಅದನ್ನು ಹೇಗೆ ತೆಗೆದರು ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ನಾನೇ ನೀರಿಗೆ ಇಳಿದೆ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯಲ್ಲಿ ಬಂಡೆಯಿಂದ ಬಿಡಿಸಿದೆ, ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಹಗ್ಗದ ಮೇಲೆ ಬೆಳೆಸಿದ್ದನ್ನು ತೆಗೆದೆ.

ಬಂಡೆಯ ಕೆಲಸಕ್ಕೆ ಮೊದಲು ಬೇಕಾದದ್ದು ಪಂಚಾಂಗ. ನೀರು ದಿನಕ್ಕೆ ಎರಡು ಸಲ ಇಳಿಯುತ್ತದೆ, ಮರುದಿನ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಇಳಿತ ಜಾಸ್ತಿ. ಕಾರವಾರದ ರೈಲಿಗೆ ಟಿಕೆಟ್ ಮಾಡುವ ಮುಂಚೆ ತಿಥಿ ನೋಡಿ. ವೀಕೆಂಡ್ ಅಂತ ಸುಮ್ನೆ ಹೊರಟರೆ ಬಂಡೆ ನೀರೊಳಗೇ ಇರಬಹುದು. ಕಾಲಿಗೆ ಗಟ್ಟಿ ಶೂ, ಕೈಗೆ ಗ್ಲೌಸ್ ಬೇಕೇ ಬೇಕು. ಚಿಪ್ಪಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಅಲ್ಲಿ ಬಳಚು (ಕ್ಲ್ಯಾಮ್ ಎಂಬ ಚಿಪ್ಪಿಕಲ್ಲು) ಆರಿಸುತ್ತಿದ್ದ ಅಮ್ಮ ಒಬ್ಬರು, "ಸಣ್ಣದ್ದು ಬಿಡು ತಮಾ" ಅಂದರು. ಅದು ಬರೀ ಗಾತ್ರದ ಮಾತಲ್ಲ. ಆಯ್ಸ್ಟರ್ ಮರಿಗಳು ಹಳೆಯ ಚಿಪ್ಪಿನ ಮೇಲೇ ಅಂಟಿ ಬೆಳೆಯುತ್ತವೆ. ಗೊಂಚಲನ್ನೇ ಒಡೆದು ತಂದರೆ ಮುಂದಿನ ಬೆಳೆಯೂ ಚೀಲಕ್ಕೆ ಬಂದ ಹಾಗೆ, ಅಲ್ವಾ? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದಕ್ಕೆ ಕಾನೂನೇ ಇದೆ. ಅಲ್ಲೇ ಮಾಂಸ ಬಿಡಿಸಿಕೊಂಡು ಚಿಪ್ಪನ್ನು ದಡದಲ್ಲೇ ಬಿಡಬೇಕು. ನಮ್ಮ ಜೂನ್-ಜುಲೈ ಮೀನುಗಾರಿಕೆ ನಿಷೇಧ ಯಾಂತ್ರಿಕ ದೋಣಿಗಳಿಗೆ, ಕೈಯಲ್ಲಿ ತೆಗೆಯುವವರಿಗಲ್ಲ. ಅಘನಾಶಿನಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಅಂತ 2024ರಲ್ಲಿ ಘೋಷಣೆಯಾಯಿತು. ಅಲ್ಲಿ ಉಳಿ ಹಿಡಿದು ಬಿಡಿಸಲೇಬೇಡಿ ಅಂತ ನಾನು ಹೇಳುವುದಿಲ್ಲ, ಗೊಂಚಲು ಕೀಳಬೇಡಿ ಅಂತ ಹೇಳುತ್ತೇನೆ.

ಹಗ್ಗದ್ದು ಬೇರೆ ಲೆಕ್ಕ. ಖಾಲಿ ಚಿಪ್ಪು ಪೋಣಿಸಿದ ಹಗ್ಗಗಳನ್ನು ಕಂಬದ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಮರಿಗಳು ತಾವೇ ಬಂದು ಕೂರುತ್ತವೆ. ಮಳೆ ನೀರು ಸೇರಿ ಉಪ್ಪು ಕಡಿಮೆಯಾಗುವ ಮುಂಚೆ ಕೊಯ್ಲು. ಹಗ್ಗ ಎಳೆದು, ಕೆಸರು ತೊಳೆದು, ಒಂದೊಂದೇ ಬಿಡಿಸಿದರೆ ಆಯ್ತು. ಬಂಡೆಗೆ ಏನೂ ಆಗುವುದಿಲ್ಲ. ಅದೇ ಹಿನ್ನೀರಿನ ಬಳಚು ತೆಗೆಯುವುದಕ್ಕೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಜೆ. ಆ ಶಿಸ್ತಿಗೆ 2014ರಲ್ಲಿ ಎಂಎಸ್‌ಸಿ (ಸಂಪನ್ಮೂಲ ಬರಿದಾಗದಂತೆ ಮೀನು ಹಿಡಿಯುವವರಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಪ್ರಮಾಣಪತ್ರವೂ ಸಿಕ್ಕಿತು.

ರುಚಿಯಲ್ಲಿ ನನಗೆ ಬಂಡೆಯದೇ ಇಷ್ಟ, ಉಪ್ಪು ಗಾಢವಾಗಿರುತ್ತದೆ. ಆದರೂ ಬೆಂಗಳೂರಿಗೆ ತರಲು ಹಗ್ಗದ್ದನ್ನೇ ಆರಿಸುತ್ತೇನೆ. ಆಯ್ಸ್ಟರ್ ನೀರು ಸೋಸಿ ತಿನ್ನುವ ಜೀವ, ನೀರಿನ ಕೊಳೆಯೂ ಒಳಗೆ ಸೇರುತ್ತದೆ. ಹಗ್ಗದ್ದನ್ನು ಶುದ್ಧ ಉಪ್ಪುನೀರಿನಲ್ಲಿ ಒಂದು ದಿನ ಇಟ್ಟು ಕೊಟ್ಟರು. ಬಂಡೆಯದನ್ನು ನಾನು ಬೇಯಿಸದೆ ಮುಟ್ಟುವುದಿಲ್ಲ. ಜೀವಂತ ತರುವುದಾದರೆ ಒದ್ದೆ ಗೋಣಿಯಲ್ಲಿ, ಗುಳಿ ಇರುವ ಚಿಪ್ಪು ಕೆಳಗೆ ಮಾಡಿ, ತಂಪಾಗಿ ಇಡಿ. ಕರಗಿದ ಐಸಿನ ಸಿಹಿನೀರಿನಲ್ಲಿ ಮುಳುಗಿದರೆ ಸಾಯುತ್ತವೆ. ಮನೆಗೆ ಬಂದಾಗ ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದಿದ್ದರೆ ಬಿಸಾಡಿ.