ಹೆಡ್‌ಲೈಟಿಗೆ ನೂರು ವ್ಯಾಟ್ ಬಲ್ಬು ಹಾಕಿಸುವವರೇ, ಸ್ವಲ್ಪ ನಿಲ್ಲಿ

ಹಳೆಯ ಕಾರಿನ ಬೆಳಕು ಸಾಲದೆಂದು ದೊಡ್ಡ ಬಲ್ಬು ತರಲು ಹೊರಟವರು ಇದನ್ನು ಓದಿಕೊಂಡು ಅಂಗಡಿಗೆ ಹೋಗಲಿ. ನಾನು ಯಾರನ್ನೂ ಕೇಳದೆ ಹೋದವನು.

ನನ್ನದು 2008ರ ಸಣ್ಣ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್. ಕಂಪನಿಯ ಹೆಸರು ಬೇಡ, ತಪ್ಪು ಕಾರಿನದಲ್ಲ. ದಿನವೂ ಹಾಸನದಿಂದ ಸಕಲೇಶಪುರಕ್ಕೆ ಹೋಗಿ ಬರಬೇಕು. ಒಂದು ಕಡೆಗೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರ್. ಕ್ಲಚ್, ಬ್ರೇಕ್, ಶಾಕ್ ಅಬ್ಸಾರ್ಬರ್ ಎಲ್ಲವನ್ನೂ ಒಂದೊಂದಾಗಿ ಸರಿಮಾಡಿಸಿದ್ದೆ. ಉಳಿದದ್ದು ದೀಪ. ಮಳೆಗಾಲದ ರಾತ್ರಿ ಟಾರು ರಸ್ತೆ ಒದ್ದೆಯಾದರೆ, ಅದು ಉರಿಯುತ್ತಿದೆಯೋ ಇಲ್ಲವೋ ಎಂದು ಇಳಿದು ನೋಡಬೇಕು, ಅಷ್ಟು ಮಂಕು.

"ಕಂಪನಿ ಬಲ್ಬು 60/55 ಸಾರ್. 100/90 ಹಾಕಿಸಿ, ಹಗಲಾಗುತ್ತದೆ" ಎಂದರು ಬಿಡಿಭಾಗದ ಅಂಗಡಿಯವರು. ಮೊದಲ ಅಂಕಿ ದೂರ ಬೀಳುವ ಹೈ ಬೀಮಿನ ವ್ಯಾಟ್, ಎರಡನೆಯದು ಹತ್ತಿರ ಬೀಳುವ ಲೋ ಬೀಮಿನದು. ಜೋಡಿಗೆ ಆರುನೂರು ರೂಪಾಯಿ, ಹತ್ತು ನಿಮಿಷದ ಕೆಲಸ. ಹಗಲೇನೋ ಆಯಿತು. ಎದುರಿನಿಂದ ಬರುವವರೆಲ್ಲ ಡಿಪ್ಪರ್ ಹೊಡೆದು ಶಪಿಸತೊಡಗಿದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಮೂರನೇ ವಾರ ಎಡದೀಪದ ಫ್ಯೂಸ್ ಹೋಯಿತು. ಹೊಸದು ಹಾಕಿದೆ, ನಾಲ್ಕು ದಿನಕ್ಕೆ ಅದೂ ಹೋಯಿತು. ರಸ್ತೆಬದಿಯ ಎಲೆಕ್ಟ್ರಿಷಿಯನ್ ಒಬ್ಬ ಎರಡೂ ಕಡೆಯ ಕೆಂಪು ಫ್ಯೂಸ್ ಕಿತ್ತು ಹಸಿರು ಫ್ಯೂಸ್ ಒತ್ತಿ, "ಇನ್ನು ಹೋಗುವುದೇ ಇಲ್ಲ" ಎಂದ. ಅವನ ಮಾತು ಅಕ್ಷರಶಃ ನಿಜವಾಯಿತು. ಕೆಂಪೆಂದರೆ 10 ಆಂಪಿಯರ್, ಹಸಿರೆಂದರೆ 30 ಎನ್ನುವುದು ಅಂದು ನನಗೆ ತಿಳಿದಿರಲಿಲ್ಲ.

ಜುಲೈ ತಿಂಗಳ ಒಂದು ರಾತ್ರಿ, ಎಂಟೂವರೆಯ ಹೊತ್ತು, ಜಡಿಮಳೆ. ಬಾಳ್ಳುಪೇಟೆ ದಾಟಿ ಆಲೂರಿನ ಕಡೆಗೆ ಬರುತ್ತಿದ್ದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹೊರಗಿನದಿರಬೇಕು ಎಂದುಕೊಂಡೆ. ಒಂದು ಕಿಲೋಮೀಟರ್ ಹೋಗಿರಲಿಲ್ಲ, ಸ್ಟಿಯರಿಂಗ್ ಕೆಳಗಿನಿಂದ ಹೊಗೆ ಎದ್ದು ಎರಡು ದೀಪವೂ ಒಟ್ಟಿಗೆ ಆರಿದವು. ಹಿಂದೆ ಟ್ಯಾಂಕರ್, ಮುಂದೆ ಏನೂ ಕಾಣದ ಕತ್ತಲು. ಪಕ್ಕದ ಬಿಳಿ ಗೆರೆ ಎಲ್ಲಿದೆ ಎಂದು ಅಂದಾಜಿನ ಮೇಲೆ ಬದಿಗೆ ಎಳೆದೆ. ಡಿಕ್ಕಿಯಲ್ಲಿ ಹತ್ತರ ಸ್ಪ್ಯಾನರ್ ಇತ್ತು. ಮಳೆಯಲ್ಲೇ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿದೆ. ಹೊಗೆ ನಿಂತಿತು. ಆ ಸ್ಪ್ಯಾನರ್ ಇಲ್ಲದಿದ್ದರೆ ನಾನು ಬರೆಯುತ್ತಿದ್ದುದು ಬೇರೆಯೇ ಕಥೆ.

ಹಾಸನದ ಹಿರಿಯ ಮೆಕ್ಯಾನಿಕ್ ಒಬ್ಬರು ಬಿಚ್ಚಿ ತೋರಿಸಿದರು. ದೀಪದ ಸ್ವಿಚ್ ಒಳಗೇ ಕರಗಿ ಮುದ್ದೆಯಾಗಿತ್ತು, ಬಲ್ಬಿನ ಹೋಲ್ಡರ್ ಕಂದುಗಟ್ಟಿ ಪುಡಿಪುಡಿಯಾಗಿತ್ತು, ರಿಫ್ಲೆಕ್ಟರಿನ ಬೆಳ್ಳಿಬಣ್ಣ ಗುಳ್ಳೆ ಎದ್ದಿತ್ತು. ಅವರ ಲೆಕ್ಕ ಸರಳ. 12 ವೋಲ್ಟಿನಲ್ಲಿ 60 ವ್ಯಾಟ್ ಬಲ್ಬು ಎಳೆಯುವುದು 5 ಆಂಪಿಯರ್, 100 ವ್ಯಾಟಿನದು ಎಂಟಕ್ಕೂ ಹೆಚ್ಚು. ಆದರೆ ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಸುಮಾರು 2.8 ಪಟ್ಟಾಗುತ್ತದೆ. ನನ್ನ ಕಾರಿನಲ್ಲಿ ರಿಲೇ, ಅಂದರೆ ಸ್ವಿಚ್ಚಿನಿಂದ ಬರುವ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹಾಯಿಸುವ ಸಾಧನ, ಇರಲಿಲ್ಲ. ಅಷ್ಟೂ ಕರೆಂಟು ಆ ಪುಟ್ಟ ಸ್ವಿಚ್ಚಿನ ಮೂಲಕವೇ ಹೋಗಬೇಕಿತ್ತು. ಫ್ಯೂಸ್ ಎರಡು ಸಲ ಸತ್ತು ಎಚ್ಚರಿಸಿತ್ತು, ನಾವು ಅದರ ಬಾಯಿ ಮುಚ್ಚಿಸಿದೆವು.

ಹೊಟ್ಟೆ ಉರಿದದ್ದು ಇದಕ್ಕಲ್ಲ. ಹೊಸ ಸ್ವಿಚ್ ಕೂರಿಸಿ, ಹಳೆಯ 60/55 ಬಲ್ಬನ್ನೇ ಹಾಕಿ ಅವರು ಮೀಟರ್ ಹಿಡಿದರು. ಎಂಜಿನ್ ಚಾಲೂ ಇರುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್, ಬಲ್ಬಿನ ಬಳಿ ಬರೀ 12. ಹ್ಯಾಲೋಜನ್ ಬಲ್ಬಿಗೆ ಶೇ. 10ರಷ್ಟು ವೋಲ್ಟೇಜ್ ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಕುಸಿಯುತ್ತದೆ, ನನ್ನದರಲ್ಲಿ ಕಡಿಮೆಯಾದದ್ದು ಶೇ. 15. ಕಾರಣ, ತುಕ್ಕು ಹಿಡಿದ ಅರ್ಥಿಂಗ್ (ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ) ಮತ್ತು ವಯಸ್ಸಾದ ತಂತಿ. ಮೇಲಾಗಿ ದೀಪದ ಪ್ಲಾಸ್ಟಿಕ್ ಗಾಜು ಬಿಸಿಲಿಗೆ ಹಳದಿಯಾಗಿತ್ತು. ಬಲ್ಬಿನದು ಯಾವ ದೋಷವೂ ಇರಲಿಲ್ಲ.

ಅವರು ಅರ್ಥಿಂಗ್ ತಿಕ್ಕಿ ಬಿಗಿಮಾಡಿದರು, ಬ್ಯಾಟರಿಯಿಂದ ನೇರ ದಪ್ಪ ತಂತಿ ಎಳೆದು ಹೈ ಬೀಮಿಗೊಂದು ಲೋ ಬೀಮಿಗೊಂದು ರಿಲೇ ಹಾಕಿದರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟರು. ಈಗ ಸ್ವಿಚ್ಚಿನ ಮೂಲಕ ಹೋಗುವುದು ರಿಲೇ ಎಳೆಯಲು ಬೇಕಾದ ಅರೆ ಆಂಪಿಯರಿಗೂ ಕಡಿಮೆ ಕರೆಂಟು. ನೀರು ಹಾಕಿ ಎಮರಿ ಕಾಗದದಲ್ಲಿ ಉಜ್ಜಿ ಗಾಜು ಪಾಲಿಶ್ ಮಾಡಿದರು. ಅದೇ 60/55 ಬಲ್ಬಿನಲ್ಲಿ ಸಿಕ್ಕ ಬೆಳಕು ನನಗೆ ಧಾರಾಳವಾಗಿ ಸಾಕು. ಮೊದಲೇ ಇವರ ಬಳಿ ಬಂದಿದ್ದರೆ ಎರಡೂವರೆ ಸಾವಿರದಲ್ಲಿ ಮುಗಿಯುತ್ತಿತ್ತು. ಸುಟ್ಟದ್ದೆಲ್ಲ ಸೇರಿ ಒಂಬತ್ತು ಸಾವಿರದ ನಾನೂರು ಆಯಿತು, ಟೋವಿಂಗ್ ಬೇರೆ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳುವವರು ಫ್ಯೂಸ್ ಪೆಟ್ಟಿಗೆಯ ಮುಚ್ಚಳವನ್ನೂ ತೆಗೆದು ನೋಡಿ. ಯಾವ ಜಾಗದಲ್ಲಿ ಎಷ್ಟು ಆಂಪಿಯರ್ ಇರಬೇಕೆಂದು ಸಾಮಾನ್ಯವಾಗಿ ಮುಚ್ಚಳದ ಮೇಲೋ ಕಾರಿನ ಕೈಪಿಡಿಯಲ್ಲೋ ಬರೆದಿರುತ್ತದೆ. ಮೊನ್ನೆ ನಾನೂ ತಾಳೆ ನೋಡಿದೆ. ಹಾರ್ನಿನ ಜಾಗದಲ್ಲಿ ನೀಲಿಯ 15 ಇರಬೇಕಾದಲ್ಲಿ ಹಸಿರು ಕುಳಿತಿತ್ತು. ಅದು ನನ್ನ ಕಾಲದ್ದಲ್ಲ, ಹಿಂದಿನ ಮಾಲೀಕರದ್ದು. ತೆಗೆದು ನೀಲಿ ಹಾಕಿದೆ. ಮರುದಿನವೇ ಹಾರ್ನ್ ನಿಂತಿತು. ಶನಿವಾರ ಮತ್ತೆ ಮೆಕ್ಯಾನಿಕ್ ಬಳಿ ಹೋಗಬೇಕು.