ವಾರದ ಅಂಕಣ ಸಿಕ್ಕಿತೆಂದು ಕೆಲಸ ಬಿಡಬೇಡಿ

ಕನ್ನಡ ಪತ್ರಿಕೆಗಳಲ್ಲಿ ಅಂಕಣ ಬರೆದೇ ಬದುಕುತ್ತೇನೆಂದು ಹೊರಟವರು ಕೈಸುಟ್ಟುಕೊಳ್ಳುವ ಬಗೆ ಹೆಚ್ಚುಕಡಿಮೆ ಒಂದೇ. ವಾಚಕರ ಪತ್ರ, ಸಂಪಾದಕೀಯ ಪುಟಕ್ಕೆ ಆಗೊಂದು ಈಗೊಂದು ಲೇಖನ ಬರೆಯುತ್ತಿದ್ದವರಿಗೆ ಒಂದು ದಿನ ಪುರವಣಿ ವಿಭಾಗದಿಂದ ಫೋನ್ ಬರುತ್ತದೆ. ‘ಪ್ರತಿ ಬುಧವಾರ ಏಳ್ನೂರು ಪದ ಕೊಡಿ ಸರ್, ಸಂಭಾವನೆ ಆಮೇಲೆ ಮಾತಾಡೋಣ.’ ಆ ಆಮೇಲೆ ಬರುವುದೇ ಇಲ್ಲ. ಫೋಟೊ ಸಮೇತ ಹೆಸರು ಅಚ್ಚಾಗುತ್ತದೆ, ಊರವರು ಗುರುತಿಸುತ್ತಾರೆ, ಕೇಳಲು ಸಂಕೋಚ. ತಿಂಗಳುಗಳು ಕಳೆದ ಮೇಲೆ ಸಂಪಾದಕರು ಬದಲಾಗುತ್ತಾರೆ, ಇಲ್ಲವೇ ಪುರವಣಿಯ ಪುಟ ಕಡಿಮೆಯಾಗುತ್ತದೆ. ಅಂಕಣ ನಿಂತಿದೆ ಎಂಬುದು ಬರೆದವರಿಗೆ ತಿಳಿಯುವುದು ಅಂದಿನ ಪತ್ರಿಕೆ ಬಿಡಿಸಿ ನೋಡಿದಾಗ. 2020ರ ಲಾಕ್‌ಡೌನ್‌ನಲ್ಲಿ ಜಾಹೀರಾತು ಕುಸಿದು ಪುಟಗಳು ಇಳಿದಾಗ ಇದು ಎಷ್ಟೋ ಜನರಿಗೆ ಆಯಿತು.

ಹೊರಗಿನಿಂದ ಬರೆಯುವ ಅಂಕಣಕಾರರು ಪತ್ರಿಕೆಯ ನೌಕರರಲ್ಲ. ನೇಮಕಾತಿ ಪತ್ರವಿಲ್ಲ, ಪಿಎಫ್ ಇಲ್ಲ, ನಿಲ್ಲಿಸುವ ಮುನ್ನ ತಿಳಿಸಬೇಕೆಂಬ ಕಟ್ಟುಪಾಡೂ ಇಲ್ಲ. ಹಿಂದಿನ ಅಂಕಣಕಾರರ ದೊಡ್ಡ ಹೆಸರುಗಳನ್ನೇ ನೋಡಿ. ಹಾ.ಮಾ. ನಾಯಕರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಟಿಎಸ್‌ಆರ್ (ಟಿ.ಎಸ್. ರಾಮಚಂದ್ರರಾವ್), ಪಾ.ವೆಂ. ಆಚಾರ್ಯ ಇಬ್ಬರೂ ಪತ್ರಿಕಾ ಕಚೇರಿಯೊಳಗೇ ಕೆಲಸದಲ್ಲಿದ್ದವರು. ಅವರ ಅಂಕಣದ ಹಿಂದೆ ಒಂದು ಸಂಬಳವಿತ್ತು ಎಂಬುದನ್ನು ಹೊಸಬರು ಮರೆಯುತ್ತಾರೆ.

ಲೆಕ್ಕ ಹಾಕಿ ನೋಡಿ. ಕಂತಿಗೆ, ಅಂದರೆ ಒಂದು ವಾರದ ಬರಹಕ್ಕೆ, 1,000 ರೂಪಾಯಿ ಎಂದೇ ಇಟ್ಟುಕೊಳ್ಳೋಣ. 52 ವಾರ ಒಂದೂ ತಪ್ಪದೆ ಪ್ರಕಟವಾದರೆ 52,000. ವೃತ್ತಿ ಶುಲ್ಕವೆಂದು ಲೆಕ್ಕವಿಟ್ಟರೆ, 2025ರ ಏಪ್ರಿಲ್‌ನಿಂದ ವರ್ಷದ ಮೊತ್ತ 50,000 ದಾಟಿದರೆ ಪೂರ್ತಿ ಮೊತ್ತಕ್ಕೆ ಶೇ 10 ಟಿಡಿಎಸ್ (ಹಣ ಕೊಡುವವರೇ ಹಿಡಿದುಕೊಳ್ಳುವ ತೆರಿಗೆ) ಕಡಿತವಾಗುತ್ತದೆ. ಪ್ಯಾನ್ ಕೊಡದಿದ್ದರೆ ಶೇ 20. ಆದಾಯ ತೆರಿಗೆ ಮಿತಿಯೊಳಗಿದ್ದವರಿಗೆ ಅದು ವಾಪಸ್ ಬರುತ್ತದೆ, ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ. ಹಬ್ಬದ ರಜೆ, ಚುನಾವಣೆಯ ವಿಶೇಷ ಪುಟ, ಕೊನೇ ಗಳಿಗೆಗೆ ಬಂದ ಅರ್ಧಪುಟ ಜಾಹೀರಾತು ಎಂದು ಬಿಟ್ಟುಹೋಗುವ ವಾರಗಳನ್ನೂ ಕಳೆಯಿರಿ. ಇಷ್ಟಕ್ಕೆ ವಾರದಲ್ಲಿ ಎರಡು ದಿನ ಓದಿ ಬರೆಯಬೇಕು.

ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಬಹಳ ಕಡೆ ತಿಂಗಳ ಕೊನೆಗೆ ಪುಟದ ಉಸ್ತುವಾರಿಯವರೇ ಯಾರ ಬರಹ ಯಾವ ದಿನ ಬಂತು ಎಂದು ಪಟ್ಟಿ ಮಾಡಿ ಲೆಕ್ಕಪತ್ರ ವಿಭಾಗಕ್ಕೆ ಕಳಿಸುತ್ತಾರೆ. ಅವರು ರಜೆಯಲ್ಲಿದ್ದರೆ, ಬೇರೆ ಆವೃತ್ತಿಗೆ ವರ್ಗವಾಗಿದ್ದರೆ ಪಟ್ಟಿಯಲ್ಲಿ ನಿಮ್ಮ ಹೆಸರಿರುವುದಿಲ್ಲ. ಕಾವ್ಯನಾಮದಲ್ಲಿ ಬರೆದು ಬ್ಯಾಂಕ್ ಖಾತೆ ಇನ್ನೊಂದು ಹೆಸರಲ್ಲಿದ್ದರೂ ಹಣ ನಿಲ್ಲುತ್ತದೆ. ಆದ್ದರಿಂದ ಮೊದಲ ಕಂತು ಕಳಿಸುವ ಮುನ್ನವೇ ಒಂದು ಇಮೇಲ್ ಹಾಕಿ: ಕಂತಿಗೆ ಎಷ್ಟು, ಎಷ್ಟು ದಿನದಲ್ಲಿ ಪಾವತಿ, ಕೇಳಿ ಬರೆಸಿಕೊಂಡು ಹಾಕದೆ ಬಿಟ್ಟರೆ ಏನು ಕೊಡುತ್ತಾರೆ, ನಿಲ್ಲಿಸುವುದಾದರೆ ಎಷ್ಟು ವಾರ ಮೊದಲು ತಿಳಿಸುತ್ತಾರೆ. ‘ಸರಿ’ ಎಂಬ ಒಂದು ಸಾಲಿನ ಉತ್ತರ ಬಂದರೂ ಸಾಕು. ಪ್ಯಾನ್, ಖಾತೆ ವಿವರ, ರದ್ದುಪಡಿಸಿದ ಚೆಕ್ಕಿನ ಪ್ರತಿ ಅದರ ಜೊತೆಗೇ ಹೋಗಲಿ. ಪ್ರತಿ ತಿಂಗಳ ಕೊನೆಗೆ ಪ್ರಕಟವಾದ ದಿನಾಂಕ, ಆವೃತ್ತಿ, ಪುಟಸಂಖ್ಯೆ ಬರೆದು, ಇ-ಪೇಪರ್ ಪುಟದ ಪ್ರತಿ ಲಗತ್ತಿಸಿ ಬಿಲ್ ಕಳಿಸಿ. ಹಳೆಯ ಇ-ಪೇಪರ್ ಪುಟ ಯಾವಾಗಲೂ ಸಿಗುತ್ತದೆಂದು ನಂಬಬೇಡಿ, ಅಂದಂದೇ ಇಳಿಸಿಟ್ಟುಕೊಳ್ಳಿ. ಬರೀ ಫೋನಿನಲ್ಲಿ ಆಡಿದ ಮಾತಿಗೆ ಆಧಾರ ಉಳಿಯುವುದಿಲ್ಲ.

ಹಕ್ಕುಸ್ವಾಮ್ಯದಲ್ಲಿ ಮೋಸಹೋಗುವುದು ಇನ್ನೂ ಬೇಸರದ ಸಂಗತಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರರಲ್ಲದವರು ಬರೆದ ಅಂಕಣದ ಮೊದಲ ಒಡೆತನ ಬರೆದವರದೇ. ಅದು ಬೇರೆಯವರಿಗೆ ವರ್ಗವಾಗಬೇಕಾದರೆ ಲಿಖಿತ ಪತ್ರ, ಸಹಿ ಎರಡೂ ಬೇಕು. ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದು ಕಾನೂನು ಭಾವಿಸುತ್ತದೆ. ಆದರೆ ಸಂಭಾವನೆಯ ಫಾರಂ ಎಂದು ಬರುವ ಕಾಗದದಲ್ಲೇ ‘ಎಲ್ಲ ಹಕ್ಕುಗಳು, ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂಬ ಸಾಲು ಅಡಗಿರಬಹುದು. ಅದಕ್ಕೆ ಸಹಿ ಬಿದ್ದ ಮೇಲೆ ನಿಮ್ಮ ಅಂಕಣಗಳನ್ನು ಪುಸ್ತಕ ಮಾಡಲು ನೀವೇ ಅನುಮತಿ ಕೇಳಬೇಕು. ಪುಸ್ತಕದ ಹಕ್ಕು ಸಣ್ಣದಲ್ಲ, ಹಾ.ಮಾ. ನಾಯಕರಿಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಸಂಪ್ರತಿ’ ಎಂಬ ಅಂಕಣ ಬರಹಗಳ ಸಂಕಲನಕ್ಕೆ. ಫಾರಂನಲ್ಲಿರುವ ‘ಎಲ್ಲ ಹಕ್ಕುಗಳು’ ಎಂಬ ಸಾಲು ಹೊಡೆದುಹಾಕಿ, ‘ಪತ್ರಿಕೆ ಮತ್ತು ಅದರ ಜಾಲತಾಣದಲ್ಲಿ ಪ್ರಕಟಣೆಗೆ ಮಾತ್ರ’ ಎಂದು ಬರೆದು ಸಹಿ ಮಾಡಿ ಕಳಿಸಿ.

ಮಾನನಷ್ಟದ ವಿಷಯಕ್ಕೆ ಬಂದರೆ, ‘ಅಭಿಪ್ರಾಯ ಲೇಖಕರದ್ದು’ ಎಂಬ ಅಡಿಟಿಪ್ಪಣಿ ನಿಮ್ಮನ್ನು ಕಾಯುವುದಿಲ್ಲ, ಹೊರೆಯನ್ನು ನಿಮ್ಮ ಕಡೆಗೇ ತಳ್ಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ಎರಡು ವರ್ಷದವರೆಗೆ ಸಾದಾ ಸಜೆ ಇದೆ, ಸಂಪಾದಕರ ಜೊತೆ ಬರೆದವರೂ ಆರೋಪಿಯಾಗುತ್ತಾರೆ. ‘ಅಂತೆ’, ‘ಎನ್ನಲಾಗಿದೆ’ ಎಂದು ಬರೆದರೆ ಬಚಾವಾಗುವುದಿಲ್ಲ. ಬರೆದದ್ದು ನಿಜ ಎಂದಷ್ಟೇ ತೋರಿಸಿದರೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಲದು, ಸಾರ್ವಜನಿಕ ಹಿತಕ್ಕಾಗಿ ಬರೆದದ್ದು ಎಂದೂ ತೋರಿಸಬೇಕು. ಪತ್ರಿಕೆ ಓದಲ್ಪಡುವ ದೂರದ ಊರಿನ ಕೋರ್ಟಿನಲ್ಲೂ ದೂರು ಹೂಡಬಹುದು. ಅಲ್ಲಿಗೆ ಅಲೆಯುವ ಖರ್ಚೇ ಅಂಕಣದ ಸಂಪಾದನೆ ನುಂಗುತ್ತದೆ. ಕೇಸಾದರೆ ವಕೀಲರ ಖರ್ಚು ಯಾರದು ಎಂಬುದನ್ನು ಆ ಮೊದಲ ಇಮೇಲ್‌ನಲ್ಲೇ ಕೇಳಿ. ದಾಖಲೆ, ಆದೇಶದ ಪ್ರತಿ, ಟಿಪ್ಪಣಿಗಳನ್ನು ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಿ, ಕ್ರಿಮಿನಲ್ ದೂರಿನ ಕಾಲಮಿತಿ ಅಷ್ಟಿದೆ. ಡೆಸ್ಕ್‌ನವರು, ಅಂದರೆ ಕಚೇರಿಯಲ್ಲಿ ಬರಹ ತಿದ್ದುವವರು, ಕೊಟ್ಟ ಶೀರ್ಷಿಕೆ ನಿಮ್ಮ ಬರಹಕ್ಕಿಂತ ಖಾರವಾಗಿದ್ದರೆ ಅಂದೇ ಬರವಣಿಗೆಯಲ್ಲಿ ಆಕ್ಷೇಪ ಕಳಿಸಿ. ನೀವು ಕಳಿಸಿದ ಮೂಲ ಪ್ರತಿ ಇಮೇಲ್‌ನಲ್ಲಿ ಉಳಿದಿರಬೇಕು.

ಅಂಕಣಕಾರರಲ್ಲಿ ಮೇಷ್ಟ್ರುಗಳು, ಸರ್ಕಾರಿ ನೌಕರರು ಬಹಳ. ಶುದ್ಧ ಸಾಹಿತ್ಯ, ವಿಜ್ಞಾನದ ಬರಹ ಒಂದು ತೂಕ. ಸರ್ಕಾರದ ನೀತಿಯ ಟೀಕೆ ಬೇರೆಯೇ ತೂಕ. ನಡತೆ ನಿಯಮಗಳು ಎರಡನೆಯದನ್ನು ತಡೆಯುತ್ತವೆ, ಕಾವ್ಯನಾಮದ ಹಿಂದೆ ನಿಂತರೂ ಬಿಡುವುದಿಲ್ಲ. ನಿಮ್ಮ ಇಲಾಖೆಯ ನಿಯಮ ಓದಿ, ಬೇಕಾದಲ್ಲಿ ಅನುಮತಿ ಪತ್ರ ಪಡೆದುಕೊಂಡೇ ಶುರುಮಾಡಿ.

ಅಂಕಣಕ್ಕೆ ನಿಮ್ಮಿಂದಲೇ ದುಡ್ಡು ಕೇಳುವವರು, ಜಾಹೀರಾತು ತಂದರೆ ಜಾಗ ಎನ್ನುವವರು, ‘ಪ್ರೆಸ್ ಕಾರ್ಡ್’ಗೆ ಶುಲ್ಕ ಎನ್ನುವವರ ಹತ್ತಿರವೂ ಸುಳಿಯಬೇಡಿ. ಪತ್ರಿಕೆಯ ಶೀರ್ಷಿಕೆ ನೋಂದಣಿಯಾಗಿದೆಯೇ ಎಂಬುದನ್ನು ಪ್ರೆಸ್ ರಿಜಿಸ್ಟ್ರಾರ್ ಜನರಲ್ ಜಾಲತಾಣದಲ್ಲಿ ಹುಡುಕಬಹುದು. ಆ ಕಚೇರಿ ಪ್ರೆಸ್ ಕಾರ್ಡ್ ಕೊಡುವುದಿಲ್ಲ. ರಾಜ್ಯದಲ್ಲಿ ಪತ್ರಕರ್ತರಿಗೆ ಮಾನ್ಯತೆ ಕೊಡುವುದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ.

ಈಗಾಗಲೇ ಬಾಕಿ ಉಳಿದಿದ್ದರೆ ಪುಟದ ಉಸ್ತುವಾರಿಯವರ ಹಿಂದೆ ಬಿದ್ದು ಪ್ರಯೋಜನವಿಲ್ಲ. ಸಂಚಿಕೆಯಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಅಚ್ಚಾಗಿರುತ್ತದೆ. ದಿನಾಂಕವಾರು ಪಟ್ಟಿ, ಒಟ್ಟು ಮೊತ್ತ, ಒಪ್ಪಿದ ಇಮೇಲ್‌ನ ಪ್ರತಿ ಇಟ್ಟು ಪ್ರಕಾಶಕರ ಹೆಸರಿಗೇ ಸ್ವೀಕೃತಿ ಸಿಗುವ ಅಂಚೆಯಲ್ಲಿ ಪತ್ರ ಹಾಕಿ, ಹದಿನೈದು ದಿನ ಗಡುವು ಕೊಡಿ. ಅದಕ್ಕೂ ಬಗ್ಗದಿದ್ದರೆ ವಕೀಲರ ನೋಟಿಸ್. ಮಾಡಿಕೊಟ್ಟ ಕೆಲಸದ ಹಣ ವಸೂಲಿಗೆ ದಾವೆ ಹೂಡಲು ಮೂರು ವರ್ಷದ ಗಡುವಿದೆ. ಅದು ಪ್ರತಿ ಕಂತಿಗೂ ಬೇರೆಬೇರೆಯಾಗಿ ಓಡುತ್ತಿರುತ್ತದೆ, ಹಾಗಾಗಿ ಹಳೆಯ ಕಂತುಗಳ ಲೆಕ್ಕವನ್ನು ಮೊದಲು ಎತ್ತಿಕೊಳ್ಳಿ.